ಶುಭ ಶುಕ್ರವಾರದ ಮೊಳೆ

ಪವಿತ್ರ ವಾರದ ಬುಧವಾರ, ಇನ್ನೂ ಬೆಳಕು ಹರಿಯುವ ಮೊದಲೇ ಎರ್ಮಿನಿಯ ತನ್ನ ಅಡುಗೆಮನೆಯಲ್ಲಿ ಕಾಳು ಸೋಸುತ್ತಿದ್ದಳು. ಹಿಂದಿನ ದಿನವೇ ನೆನೆಹಾಕಿ ಮೆತ್ತಗೆ ಬೇಯಿಸಿಟ್ಟ ರಾಜ್ಮಾ ಕಾಳನ್ನು ಜರಡಿಗೆ ಸುರಿದು, ಮರದ ಸೌಟಿನ ಬೆನ್ನಿನಿಂದ ಒತ್ತಿ ಉಜ್ಜಿದರೆ ಕೆಳಗಿನ ಪಾತ್ರೆಗೆ ಕೆಂಪಗೆ ಗಟ್ಟಿ ರಸ ಇಳಿಯುತ್ತದೆ, ಸಿಪ್ಪೆ ಮೇಲೆಯೇ ಉಳಿಯುತ್ತದೆ. ಆ ರಸಕ್ಕೆ ತೆಂಗಿನ ಹಾಲು, ಸಕ್ಕರೆ, ಚಕ್ಕೆ, ಲವಂಗ, ಸಿಹಿಗೆಣಸಿನ ಹೋಳು ಬಿದ್ದು ಕುದಿದರೆ ಶುಭ ಶುಕ್ರವಾರಕ್ಕೆ ಮುಂಚಿನ ತಪಸ್ಸುಕಾಲದ ಪಾಯಸ. ಅದನ್ನು ತಮ್ಮ ಮನೆಯವರಿಗಷ್ಟೇ ಎಂದು ಯಾರೂ ಮಾಡುವುದಿಲ್ಲ. ಕಬ್ಬಿನ ಗದ್ದೆಗಳ ನಡುವೆ ಸಕ್ಕರೆ ಗಿರಣಿಯವರು ಕಟ್ಟಿಸಿದ ಆ ಸಾಲುಮನೆಗಳಲ್ಲಿ ಪವಿತ್ರ ವಾರ ಬಂತೆಂದರೆ ಬೇಲಿಯ ಮೇಲಿಂದ ಬಟ್ಟಲುಗಳು ಆಚೆ ಈಚೆ ಓಡಾಡುತ್ತವೆ. ವರ್ಷವಿಡೀ ಮಾತು ಬಿಟ್ಟವರೂ ಆ ವಾರ ಬಟ್ಟಲು ಬೇಡವೆನ್ನುವುದಿಲ್ಲ.

ಗಂಡ ಫೌಸ್ತೊ ಮೇಜಿನ ಬಳಿ ಕೂತು ಕಾಫಿ ಕುಡಿಯುತ್ತಾ ಬೂಟಿನ ದಾರ ಕಟ್ಟುತ್ತಿದ್ದ. ಕಬ್ಬು ತೂಗುವ ಕಟ್ಟೆಯಲ್ಲಿ ಅವನಿಗೆ ಕೆಲಸ.

"ಈ ಸಲ ಗೆಣಸು ಜಾಸ್ತಿ ಹಾಕು," ಎಂದ. "ಹೋದ ವರ್ಷ ಬಟ್ಟಲಲ್ಲಿ ಹುಡುಕಿ ಹುಡುಕಿ ತಿನ್ಬೇಕಾಯ್ತು."

"ನಿನ್ನ ಸರದಿ ಬರೋ ಹೊತ್ತಿಗೆ ಖಾಲಿಯಾದ್ರೆ ನಾನೇನ್ಮಾಡ್ಲಿ? ಮೊದಲ ಬಟ್ಟಲು ಯುಲೀಸಂಗೆ, ಆಮೇಲೆ ಅವಳಮ್ಮಂಗೆ. ಅದಾದ್ಮೇಲೆ ನೀನು."

"ನಿನ್ನ ಗಂಡ ಆಗೋ ಬದ್ಲು ನಿನ್ನ ಹತ್ರ ಜ್ಞಾನಸ್ನಾನ ಮಾಡಿಸ್ಕೊಂಡಿದ್ರೆ ಚೆನ್ನಾಗಿತ್ತು."

ಎರ್ಮಿನಿಯ ನಕ್ಕಳು. ಅವಳ ಇಬ್ಬರು ಗಂಡುಮಕ್ಕಳೂ ರಾಜಧಾನಿ ಸೇರಿ ವರ್ಷಗಳಾಗಿದ್ದವು. ಪಕ್ಕದ ಮನೆಯ ಇಮಾಕುಲಳಿಗೆ ಹೆಣ್ಣು ಮಗುವಾದಾಗ ಅದನ್ನು ಜ್ಞಾನಸ್ನಾನದ ತೊಟ್ಟಿಯ ಬಳಿ ಎತ್ತಿ ಹಿಡಿದು, ಈ ಮಗುವಿಗೆ ನಾನು ಎರಡನೆಯ ತಾಯಿ ಎಂದು ಪಾದ್ರಿಗಳ ಮುಂದೆ ಒಪ್ಪಿಕೊಂಡವಳು ಅವಳು. ಅಂದಿನಿಂದ ಯುಲೀಸಳಿಗೆ ಅವಳು ಮದ್ರೀನಾ. ಆ ತಾಯಿಗೂ ಈ ತಾಯಿಗೂ ನಡುವೆ ಕೊಮಾದ್ರೆ ಎಂಬ ಕರೆ. ಅಕ್ಕತಂಗಿಯರು ಜಗಳವಾಡಿ ದೂರವಾದರೆ ಜನ ಸುಮ್ಮನಿರುತ್ತಾರೆ. ಕೊಮಾದ್ರೆಗಳು ದೂರವಾದರೆ ಮಾತ್ರ, ದೇವರ ಮುಂದೆ ಆದ ಸಂಬಂಧ ಅಲ್ಲವೇ, ಎಂದು ಬಂದು ಬುದ್ಧಿ ಹೇಳುತ್ತಾರೆ.

ಇಮಾಕುಲ ಗಡಿಯಾಚೆಯ ಹೈಟಿಯವಳು. ಕಬ್ಬು ಕಡಿಯಲು ಬಂದ ಅಪ್ಪನ ಹೆಗಲ ಮೇಲೆ ಕೂತು ಗಡಿ ದಾಟಿದಾಗ ಅವಳಿಗೆ ಮಾತು ಕೂಡ ಸರಿಯಾಗಿ ಬರುತ್ತಿರಲಿಲ್ಲವಂತೆ. ಇಲ್ಲೇ ಬೆಳೆದಳು, ಇಲ್ಲೇ ಮದುವೆಯಾದಳು. ಗಂಡ ದೂರದ ಇನ್ನೊಂದು ಗಿರಣಿಗೆ ಕೆಲಸಕ್ಕೆ ಹೋದವನು ಮತ್ತೆ ಬರಲಿಲ್ಲ. ಕಡಲೆಕಾಯಿ ಮಿಠಾಯಿ ಮಾಡಿ ರಸ್ತೆ ಬದಿಯಲ್ಲಿ ಮಾರುತ್ತಾ ಮಗಳನ್ನು ಸಾಕುತ್ತಿದ್ದಳು. ಅವಳ ಬಳಿ ಇಲ್ಲದ್ದು ಒಂದೇ, ಇಲ್ಲಿಯವಳು ಎಂದು ತೋರಿಸುವ ಕಾಗದ.

ನಾಯಿಗಳು ಬೊಗಳತೊಡಗಿದವು. ಮೊದಲು ರಸ್ತೆಯ ಕಡೆಯವು, ಆಮೇಲೆ ಸಾಲಿನುದ್ದಕ್ಕೂ. ಅದರ ಹಿಂದೆಯೇ ಲಾರಿಯ ಸದ್ದು ಕೇಳಿಸಿತು. ಕಬ್ಬಿನ ಲಾರಿಯ ಸದ್ದು ಅಲ್ಲಿ ಎಲ್ಲರಿಗೂ ಗೊತ್ತು. ಇದು ಅದಲ್ಲ. ಸುತ್ತ ಜಾಲರಿ ಹೊಡೆದ, ಕಾಗದವಿಲ್ಲದವರನ್ನು ತುಂಬಿಕೊಂಡು ಗಡಿಗೆ ಹೋಗುವ ಲಾರಿ. ಫೌಸ್ತೊನ ಕೈಯಲ್ಲಿದ್ದ ಲೋಟ ಬಾಯಿಯವರೆಗೂ ಹೋಗದೆ ನಿಂತಿತು.

ಹಿತ್ತಲ ಬಾಗಿಲನ್ನು ಯಾರೋ ಅಂಗೈಯಿಂದ ಮೆಲ್ಲಗೆ ತಟ್ಟಿದರು.

"ಕೊಮಾದ್ರೆ. ನಾನು ಇಮಾಕುಲ. ತೆಗೀರಿ ಬೇಗ."

ಎರ್ಮಿನಿಯ ಸೌಟನ್ನು ಹಿಡಿದುಕೊಂಡೇ ಬಾಗಿಲ ಬಳಿಗೆ ಬಂದಳು. ಇನ್ನೊಂದು ಕೈ ತಾನಾಗಿ ಅಗುಳಿಯ ಮೇಲೆ ಹೋಯಿತು. ಫೌಸ್ತೊ ಎದ್ದು ಬಂದು ಅವಳ ಹಿಂದೆ ನಿಂತ.

"ಬೇಡ," ಎಂದು ಪಿಸುಗುಟ್ಟಿದ.

"ಇಮಾಕುಲ ಕಣೋ."

"ಗೊತ್ತು ನಂಗೆ. ಬಚ್ಚಿಟ್ರೆ ಏನಾಗುತ್ತೆ ಅಂತ ಗಿರಣಿಯವರು ಕೂಗಿ ಹೇಳಿಲ್ವಾ? ಮನೆ ಅವರ್ದು, ಕೆಲಸ ಅವರ್ದು. ಈ ವಯಸ್ಸಲ್ಲಿ ಎಲ್ಲಿಗೆ ಹೋಗೋದು ನಾವು?"

"ಕೊಮಾದ್ರೆ," ಎಂದಿತು ಬಾಗಿಲಾಚೆಯ ದನಿ. ಮತ್ತೆ ತಟ್ಟಿದ ಸದ್ದಾಯಿತು.

"ಅವಳು ಇಲ್ಲಿ ನಿಂತ್ರೇನೇ ಸಿಕ್ಕಿಬೀಳೋದು," ಫೌಸ್ತೊ ಇನ್ನೂ ಮೆಲ್ಲಗೆ ಹೇಳಿದ. "ಬಾಗಿಲು ತೆಗೆಯಲ್ಲ ಅಂತ ಗೊತ್ತಾದ್ರೆ ಕಬ್ಬಿನೊಳಗೆ ಓಡ್ತಾಳೆ. ಅಲ್ಲಿ ಯಾರೂ ಹುಡುಕಲ್ಲ. ತೆಗೀದೆ ಇರೋದೇ ಅವಳಿಗೂ ಒಳ್ಳೇದು."

ಆ ಮಾತು ಸರಿಯೆಂದು ಎರ್ಮಿನಿಯಳಿಗೆ ಅನ್ನಿಸಲಿಲ್ಲ. ಆದರೆ ಹಿಡಿದುಕೊಳ್ಳಲು ಒಂದು ಮಾತು ಬೇಕಾಗಿತ್ತು, ಅದು ಸಿಕ್ಕಿತು. ಅಗುಳಿಯ ಮೇಲಿನ ಕೈ ಅಲ್ಲೇ ಇತ್ತು, ಅಗುಳಿ ತೆಗೆಯಲಿಲ್ಲ. ತಟ್ಟುವುದು ನಿಂತಿತು, ಹೆಜ್ಜೆ ಸದ್ದು ಪಕ್ಕದ ಮನೆಯ ಕಡೆಗೇ ಓಡಿತು. ಹಿತ್ತಲಿನಲ್ಲಿ ಬೂಟುಗಳ ಸದ್ದು, ಪಕ್ಕದ ಮನೆಯ ಬಾಗಿಲು ಮುರಿದ ಸದ್ದು, ಆಮೇಲೆ ಇಮಾಕುಲಳ ದನಿ. ಅವಳು ಕೂಗಾಡಲಿಲ್ಲ. "ಬರ್ತೀನಿ ಸಾರ್, ಎಳೀಬೇಡಿ. ಚಪ್ಪಲಿ ಹಾಕ್ಕೋತೀನಿ," ಎಂದಳು.

ಸ್ವಲ್ಪ ಹೊತ್ತಿಗೆ ಮುಂದಿನ ಕಿಟಕಿಯ ಬಳಿ ಒಬ್ಬ ಅಧಿಕಾರಿ ಬಂದು ನಿಂತ. "ಪಕ್ಕದ ಮನೆಯವಳಿಗೆ ಮಕ್ಕಳಿದಾವಾ?"

"ನಮಗೆ ಗೊತ್ತಿಲ್ಲ ಸಾರ್. ಅವರ ಸಹವಾಸ ಇಲ್ಲ ನಮಗೆ," ಎಂದ ಫೌಸ್ತೊ.

ಅಧಿಕಾರಿ ಎರ್ಮಿನಿಯಳ ಕಡೆ ನೋಡಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಆ ಸುಳ್ಳಿನಿಂದ ಮಗು ಉಳಿಯಿತು, ನಿಜ. ಆದರೆ ಅವರಿಬ್ಬರೂ ಅದನ್ನು ಮಗುವಿಗಾಗಿ ಹೇಳಿರಲಿಲ್ಲ.

ಲಾರಿ ಹೋದ ಮೇಲೆ ಎರ್ಮಿನಿಯ ಕಾಳಿನ ಸಿಪ್ಪೆಯನ್ನು ಕೋಳಿಗಳಿಗೆ ಹಾಕಲೆಂದು ಹಿತ್ತಲ ಬಾಗಿಲು ತೆರೆದಳು. ನೀರಿನ ಪೀಪಾಯಿಯ ಹಿಂದೆ, ಗೋಡೆಗೆ ಬೆನ್ನು ಹಚ್ಚಿ ಯುಲೀಸ ಕೂತಿದ್ದಳು. ಬರಿಗಾಲು, ಮಲಗುವ ಅಂಗಿ. ಎಂಟು ತುಂಬಿ ಒಂಬತ್ತಕ್ಕೆ ಬಿದ್ದ ಹುಡುಗಿ ಮಡಚಿಕೊಂಡು ನಾಲ್ಕರ ಮಗುವಿನಷ್ಟಾಗಿದ್ದಳು. ಬಾಗಿಲು ತೆರೆದುದನ್ನು ಕಂಡು ಎದ್ದು ನಿಂತು, ದಿನವೂ ಬೆಳಿಗ್ಗೆ ಹೇಳುವ ಮಾತನ್ನೇ ಹೇಳಿದಳು.

"ಆಶೀರ್ವಾದ, ಮದ್ರೀನಾ."

"ದೇವರು ಒಳ್ಳೇದು ಮಾಡ್ಲಿ, ಮಗಾ." ರೂಢಿಯಿಂದ ನಾಲಿಗೆ ಅದನ್ನು ಹೇಳಿಬಿಟ್ಟಿತು. ಅದರ ಹಿಂದೆಯೇ ಇನ್ನೊಂದು ಮಾತೂ ಬಂತು. "ನಾನು ಮನೇಲಿರ್ಲಿಲ್ಲ ಕಣೆ. ಚರ್ಚಿಗೆ ಹೋಗಿದ್ದೆ, ಹೂ ಇಡೋಕೆ. ಈಗ ತಾನೇ ಬಂದೆ."

ಯುಲೀಸ ಅವಳ ಕೈಯಲ್ಲಿದ್ದ ಸಿಪ್ಪೆಯ ಪಾತ್ರೆಯನ್ನು ನೋಡಿದಳು. ಮೊಣಕೈವರೆಗೆ ಮೆತ್ತಿದ್ದ ಕಾಳಿನ ರಸವನ್ನು ನೋಡಿದಳು. ಏನೋ ಕೇಳಲು ಬಾಯಿ ತೆರೆದು ಮತ್ತೆ ಮುಚ್ಚಿದಳು.

"ಅಲ್ಲಾಡ್ಬೇಡ, ಇಲ್ಲೇ ಕೂತಿರು ಅಂದ್ಳು ಅಮ್ಮ," ಎಂದಷ್ಟೇ ಹೇಳಿದಳು.

*

ಅರ್ಧಕ್ಕೆ ಬಿಟ್ಟ ಪಾಯಸವನ್ನು ಎರ್ಮಿನಿಯ ಮಧ್ಯಾಹ್ನದೊಳಗೆ ಮುಗಿಸಿದಳು. ಮಗುವಿಗೆ ತಲೆ ಬಾಚಿ ಜಡೆ ಹಾಕಿದಳು, ಕಾಲಿನ ಮಣ್ಣು ತೊಳೆದಳು, ತನ್ನ ಹಳೆಯ ಲಂಗವನ್ನು ಕತ್ತರಿಸಿ ಹೊಲಿದು ತೊಡಿಸಿದಳು. ಕೈಗೆ ಕೆಲಸವಿದ್ದಷ್ಟು ಹೊತ್ತು ಪರವಾಗಿಲ್ಲವೆನಿಸುತ್ತಿತ್ತು. ಸುಮ್ಮನೆ ಕೂತರೆ ಯುಲೀಸಳ ಕಣ್ಣು ತನ್ನ ಮುಖದ ಮೇಲಿರುವುದು ಗೊತ್ತಾಗುತ್ತಿತ್ತು. ಮಗು ಅಳುತ್ತಿರಲಿಲ್ಲ, ಹಟ ಮಾಡುತ್ತಿರಲಿಲ್ಲ. ಏನನ್ನೋ ಕೇಳಬೇಕೆಂದು ಹತ್ತಿರ ಬರುತ್ತಿತ್ತು. "ಏನು ಮಗಾ?" ಎಂದರೆ, "ಏನಿಲ್ಲ ಮದ್ರೀನಾ," ಎಂದು ದೂರ ಹೋಗುತ್ತಿತ್ತು.

ಸಾಲಿನ ಕೊನೆಯ ಮನೆಯ ಚೇಪಾ ಬಟ್ಟಲು ಹಿಡಿದುಕೊಂಡು ಬಂದಳು. ಎರ್ಮಿನಿಯಳ ಓರಗೆಯವಳು. ಸಂಜೆಯ ಜಪಸರ ಪ್ರಾರ್ಥನೆಯನ್ನು ಇಬ್ಬರೂ ಸೇರಿಯೇ ನಡೆಸುತ್ತಿದ್ದರು. ಒಳಗೆ ಕೂತು ಅಕ್ಕಿ ಆರಿಸುತ್ತಿದ್ದ ಹುಡುಗಿಯ ಕಡೆ ಗಲ್ಲ ತೋರಿಸಿದಳು.

"ಇದನ್ನ ಬಿಟ್ಟೋಗಿದಾರಾ?"

"ನನ್ನ ಹತ್ರ ಇದೆ. ಬಿಟ್ಟೋಗಿಲ್ಲ."

"ಸಿಟ್ಟಾಗ್ಬೇಡ್ವೇ ಮಿನಿಯ. ನಂಗೂ ಪಾಪ ಅನ್ಸುತ್ತೆ. ಇಮಾಕುಲ ಕೆಟ್ಟವಳಲ್ಲ, ಅವಳ ಮಿಠಾಯಿ ನಾನೇ ಎಷ್ಟು ತಿಂದಿಲ್ಲ. ಆದ್ರೆ ನೀನೇ ಹೇಳು, ಇವರು ಬರೋದು ನಿಲ್ಲುತ್ತಾ? ನನ್ನ ಮಗಳು ಹೆರಿಗೆಗೆ ಹೋದಾಗ ಒಂದು ಹಾಸಿಗೇಲಿ ಇಬ್ಬಿಬ್ರು. ಪಕ್ಕದಲ್ಲಿದ್ದವಳು ಯಾರು ಗೊತ್ತಾ? ಗಡಿಯಾಚೆಯವಳೇ. ಬಡವರ ಪಾಲಿಗೆ ಬರೋದೇ ಒಂದು ಹಿಡಿ, ಅದನ್ನೂ ಹಂಚ್ಕೋ ಅಂದ್ರೆ ಹೆಂಗೆ?"

"ಅವಳು ಎಳೇ ಕೂಸಾಗಿದ್ದಾಗ್ಲೇ ಬಂದವಳು. ಈ ಮಗು ಹುಟ್ಟಿದ್ದೇ ಇಲ್ಲಿ, ಚೇಪಾ. ನೀನೇ ಬಿಸಿನೀರು ಕಾಯಿಸಿ ಕೊಟ್ಟೆ."

"ಕಾಯಿಸಿದ್ದೆ, ಇಲ್ಲ ಅಂದ್ನಾ? ನಾಳೆ ಮತ್ತೆ ಕಾಯಿಸು ಅಂದ್ರೂ ಕಾಯಿಸ್ತೀನಿ. ಕಾಗದ ಕೊಡೋದು ನನ್ನ ಕೈಲಿದ್ಯಾ?" ಚೇಪಾ ಬೆರಳಿನಿಂದ ಪಾಯಸ ತೆಗೆದು ರುಚಿ ನೋಡಿದಳು. "ಲವಂಗ ಒಂಚೂರು ಮುಂದಾಗಿದೆ. ಅದಿರ್ಲಿ, ಅವಳು ನಿನ್ನ ಬಾಗಿಲು ತಟ್ಟಿದ್ಲಂತೆ?"

ಅಕ್ಕಿ ಆರಿಸುತ್ತಿದ್ದ ಪುಟ್ಟ ಕೈ ನಿಂತಿತು.

"ನಾನು ಮನೇಲಿರ್ಲಿಲ್ಲ," ಎಂದಳು ಎರ್ಮಿನಿಯ.

ರಾತ್ರಿ ಊಟಕ್ಕೆ ಕೂತಾಗ ಫೌಸ್ತೊ ತನ್ನ ಬಟ್ಟಲಿನ ಗೆಣಸನ್ನೆಲ್ಲ ಹೆಕ್ಕಿ ಯುಲೀಸಳ ಬಟ್ಟಲಿಗೆ ಹಾಕಿದ. ಮಗು ಮಲಗಿದ ಮೇಲೆ ಬಾಗಿಲಿಗೆ ಒರಗಿ ನಿಂತು, "ನನ್ನ ಮೇಲೆ ಕೋಪ ಇದ್ರೆ ಬೈದುಬಿಡು," ಎಂದ. "ಅಗುಳಿ ತೆಗೀಬೇಡ ಅಂದವನು ನಾನು. ಪಾಪ ಇದ್ರೆ ಅದು ನಂದು, ನಿಂದಲ್ಲ."

"ನಿನ್ನ ಮಾತನ್ನ ನಾನು ಎಷ್ಟೋ ಸಲ ಕೇಳಿಲ್ಲ, ಫೌಸ್ತೊ," ಎಂದಳು ಎರ್ಮಿನಿಯ. "ಇದೊಂದನ್ನ ಕೇಳ್ದೆ."

*

ಗುರುವಾರ ಸಂಜೆಯ ಹೊತ್ತಿಗೆ ಇಮಾಕುಲಳ ಫೋನು ಬಂತು. ಗಡಿಯಾಚೆಯ ಪೇಟೆಯಲ್ಲಿ ಯಾರದೋ ಫೋನು ಬೇಡಿ ಮಾಡಿದ್ದಳು. ಮೊದಲು ಮಗಳೊಡನೆ ಮಾತಾಡಿದಳು. ಯುಲೀಸ "ಹೂಂ", "ಉಂಡೆ", "ಅಳಲ್ಲ" ಎಂದಷ್ಟೇ ಹೇಳಿ ಫೋನನ್ನು ಎರ್ಮಿನಿಯಳ ಕೈಗೆ ಕೊಟ್ಟು ಪಕ್ಕದಲ್ಲೇ ನಿಂತಳು.

"ಕೊಮಾದ್ರೆ, ಮಗು ನಿಮ್ಮತ್ರ ಇದೆ ಅಂತ ಕೇಳಿ ಜೀವ ಬಂತು," ಎಂದಳು ಇಮಾಕುಲ. ಅವಳ ದನಿ ಒಡೆದಿತ್ತು. "ನಿನ್ನೆ ನಿಮ್ಮ ಬಾಗಿಲು ತಟ್ಟಿದ್ದೆ. ನೀವು ಮನೇಲಿರ್ಲಿಲ್ಲ."

ಎರ್ಮಿನಿಯ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಇರ್ಲಿ ಬಿಡಿ. ನೀವಿದ್ದಿದ್ರೆ ತೆಗೀದೆ ಇರ್ತಿದ್ರಾ? ಪೀಪಾಯಿ ಹಿಂದೆ ಕೂರಿಸ್ದೆ ಅವಳನ್ನ, ಮದ್ರೀನಾ ಬಂದೇ ಬರ್ತಾಳೆ ಅಂತ ಹೇಳಿ. ಕೇಳಿ ಕೊಮಾದ್ರೆ, ಒಂದು ಉಪಕಾರ ಮಾಡ್ಬೇಕು. ಬಾಗಿಲು ಒದ್ದು ಮುರಿದಿದಾರೆ. ಹಂಗೇ ತೆರೆದಿದ್ರೆ ಖಾಲಿ ಮನೆ ಅಂತ ಒಂದೊಂದಾಗಿ ಎಲ್ಲಾ ಹೊತ್ಕೊಂಡೋಗ್ತಾರೆ. ಆಮೇಲೆ ಗಿರಣಿಯವರು ಬೇರೆ ಯಾರಿಗಾದ್ರೂ ಕೊಟ್ಬಿಡ್ತಾರೆ. ಅಡ್ಡಕ್ಕೆ ಒಂದೆರಡು ಹಲಗೆ ಹೊಡ್ಸಿ ಸಾಕು. ಇಲ್ಲಿ ನಂಗೆ ಯಾರೂ ಗೊತ್ತಿಲ್ಲ. ಭಾಷೆ ಕೂಡ ಅರ್ಧ ಮರ್ತೋಗಿದೆ, ನಾನು ಮಾತಾಡಿದ್ರೆ ನಗ್ತಾರೆ. ಹೆಂಗಾದ್ರೂ ಮಾಡಿ ವಾಪಸ್ ಬರ್ತೀನಿ. ಬಂದಾಗ ನಮಗೆ ಅಂತ ಒಂದು ಬಾಗಿಲಿರ್ಲಿ."

"ನಾಳೆ ಶುಕ್ರವಾರ," ಎಂದಳು ಎರ್ಮಿನಿಯ. "ನಾಳೆ ಮೊಳೆ ಮುಟ್ಟೋಹಾಗಿಲ್ಲ. ಶನಿವಾರ ಫೌಸ್ತೊ ಕೈಲಿ ಮಾಡಿಸ್ತೀನಿ."

"ಹೌದಲ್ವಾ, ನಾಳೆ ಶುಕ್ರವಾರ. ದಿನಾನೇ ಮರ್ತೋಯ್ತು ನಂಗೆ. ಶನಿವಾರಾನೇ ಮಾಡ್ಸಿ." ಯಾರೋ ಫೋನು ವಾಪಸು ಕೇಳಿದ ಸದ್ದು ಕೇಳಿಸಿತು. "ದೇವರ ಮುಂದೆ ಅವಳನ್ನ ನಿಮ್ಮ ಕೈಗೆ ಕೊಟ್ಟಿದ್ದೆ, ಕೊಮಾದ್ರೆ. ಒಳ್ಳೇದೇ ಮಾಡ್ದೆ," ಎಂದು ಇಮಾಕುಲ ಫೋನು ಇಟ್ಟಳು.

ಆ ಸಂಜೆ ಪೇಟೆಯಿಂದ ಪಾದ್ರಿಗಳು ಬಂದಿದ್ದರು. ಪೂಜೆಗೆ ಮುಂಚೆ ಪಾಪನಿವೇದನೆ ಕೇಳಲೆಂದು ಚರ್ಚಿನ ಮೂಲೆಯಲ್ಲಿ ಕುರ್ಚಿ ಹಾಕಿ ಕೂತರು. ಹೆಂಗಸರ ಸಾಲು ಬಾಗಿಲವರೆಗೆ ಬೆಳೆಯಿತು. ಎರ್ಮಿನಿಯ ತಲೆಗೆ ಬಟ್ಟೆ ಹೊದ್ದು ಸಾಲಿನಲ್ಲಿ ನಿಂತಳು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಅದು ದೊಡ್ಡ ಮಾತೇನೂ ಆಗಿರಲಿಲ್ಲ. ಬಾಗಿಲು ತೆರೆಯಲಿಲ್ಲ, ಸುಳ್ಳು ಹೇಳಿದೆ. ಪಾದ್ರಿಗಳು ಒಳ್ಳೆಯವರು, ನಿಟ್ಟುಸಿರು ಬಿಟ್ಟು ನಾಲ್ಕು ಪ್ರಾರ್ಥನೆ ಹೇಳಿಕೊ ಎನ್ನುತ್ತಾರೆ. ಮುಂದೆ ಒಬ್ಬಳೇ ಇದ್ದಾಗ ಎರ್ಮಿನಿಯ ತಿರುಗಿ ನೋಡಿದಳು. ಯುಲೀಸ ಹೊರಗೆ ಮೆಟ್ಟಿಲ ಮೇಲೆ ಕೂತು ಲಂಗದ ಅಂಚಿನ ದಾರವನ್ನು ಬೆರಳಿಗೆ ಸುತ್ತುತ್ತಿದ್ದಳು.

ಇಲ್ಲಿ ಕಿವಿಯಲ್ಲಿ ಹೇಳಿ ಹಗುರಾಗಿ, ಅಲ್ಲಿಗೆ ಹೋಗಿ ಆ ಕೈ ಹಿಡಿದುಕೊಂಡು ಮನೆಗೆ ಹೇಗೆ ನಡೆಯುವುದು? ತನ್ನ ಸರದಿ ಬಂದಾಗ ಎರ್ಮಿನಿಯ ಹಿಂದಿನವಳಿಗೆ, "ನೀನು ಹೋಗು," ಎಂದು ದಾರಿ ಬಿಟ್ಟು ಸಾಲಿನಿಂದ ಹೊರಗೆ ಬಂದಳು.

*

ಶುಕ್ರವಾರ ಬೆಳಗಾದರೂ ಸಾಲುಮನೆಗಳಲ್ಲಿ ಸದ್ದಿಲ್ಲ. ಸ್ವಾಮಿ ಶಿಲುಬೆಗೇರಿದ ಆ ದಿನ ಯಾರೂ ಒಲೆ ಹಚ್ಚುವುದಿಲ್ಲ, ಕಸ ಗುಡಿಸುವುದಿಲ್ಲ, ರೇಡಿಯೊ ಹಾಕುವುದಿಲ್ಲ. ಮಕ್ಕಳು ಏನೇ ಮಾಡಿದರೂ ಹೊಡೆಯುವುದಿಲ್ಲ. ಆ ಏಟುಗಳೆಲ್ಲ ಶನಿವಾರಕ್ಕೆ ಸೇರಿಕೊಳ್ಳುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಮೊಳೆ ಹೊಡೆಯುವುದಿಲ್ಲ. ಅಂದು ಹೊಡೆದ ಮೊಳೆ ಮರಕ್ಕಲ್ಲ, ಸ್ವಾಮಿಯ ಮೈಗೆ ಇಳಿಯುತ್ತದೆಂದು ಎಲ್ಲರೂ ತಾಯಂದಿರಿಂದ ಕೇಳಿ ಬೆಳೆದವರು. ಎರ್ಮಿನಿಯ ತನ್ನ ಜೀವಮಾನದಲ್ಲಿ ಒಂದು ಶುಭ ಶುಕ್ರವಾರವೂ ಗೂಟವನ್ನು ಸಹ ನೆಲಕ್ಕೆ ಬಡಿದವಳಲ್ಲ.

ಕೋಳಿಗಳನ್ನು ನೋಡಲು ಹಿತ್ತಲಿಗೆ ಹೋದಾಗ ಕಂಡಿತು. ಇಮಾಕುಲಳ ಮನೆಯ ಮಾಡಿನ ಒಂದು ತಗಡು ಇರಲಿಲ್ಲ. ಒಳಗೆ ಮಂಚದ ಮೇಲೆ ಚೌಕವಾಗಿ ಬಿಸಿಲು ಬಿದ್ದಿತ್ತು. ಒಂದು ತಿರುಗಣಿಯ ಮೇಲೆ ಬಾಗಿಲು ಜೋತಾಡುತ್ತಿತ್ತು. ಮಿಠಾಯಿ ಕಾಯಿಸುವ ದೊಡ್ಡ ಬಾಣಲೆ ಕಾಣಲಿಲ್ಲ. ಮೊಳೆ ಹೊಡೆಯಬಾರದ ದಿನ ನಿಜ, ಕೀಳಬಾರದು ಎಂದು ಯಾರೂ ಹೇಳಿರಲಿಲ್ಲ. ಶನಿವಾರ ಬೆಳಗಾಗುವಷ್ಟರಲ್ಲಿ ಇಲ್ಲಿ ಗೋಡೆ ಬಿಟ್ಟು ಏನೂ ಉಳಿಯುವುದಿಲ್ಲ.

ಯುಲೀಸ ಬಂದು ಪಕ್ಕದಲ್ಲಿ ನಿಂತಳು. ತೆರೆದ ಮಾಡನ್ನು ನೋಡಿದಳು. "ಅಮ್ಮನ ಬಾಣಲೆ," ಎಂದಳು, ಮತ್ತೇನೂ ಹೇಳಲಿಲ್ಲ.

ಎರ್ಮಿನಿಯ ಒಳಗೆ ಹೋಗಿ ಮಂಚದ ಕೆಳಗಿಂದ ಫೌಸ್ತೊನ ಸಲಕರಣೆಯ ಪೆಟ್ಟಿಗೆ ಎಳೆದಳು. ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದ ಫೌಸ್ತೊ ಕಣ್ಣು ಕಿರಿದು ಮಾಡಿ ನೋಡಿದ.

"ಏನದು?"

"ಸುತ್ತಿಗೆ."

"ಇವತ್ತು?"

"ಇವತ್ತು."

ಕೋಳಿಗೂಡಿನ ಮುಂದಿನ ಹಲಗೆಗಳು ಸಡಿಲವಾಗಿದ್ದವು. ಅವನ್ನು ಕೈಯಿಂದಲೇ ಜಗ್ಗಿ ಕಿತ್ತಳು. ಕೋಳಿಗಳು ಹಿತ್ತಲ ತುಂಬ ಹರಡಿಕೊಂಡವು. ಹಲಗೆಗಳನ್ನು ಹೊತ್ತು ಪಕ್ಕದ ಮನೆಗೆ ಹೋಗಿ, ಬಾಗಿಲನ್ನು ಎತ್ತಿ ಸರಿಯಾಗಿ ಕೂರಿಸಿ, ಒಂದು ಹಲಗೆಯನ್ನು ಅಡ್ಡ ಹಿಡಿದಳು. ಯುಲೀಸ ಹೇಳದೆಯೇ ಮೊಳೆಗಳನ್ನು ಒಂದು ಕೈಯಲ್ಲಿಟ್ಟುಕೊಂಡು ಇನ್ನೊಂದು ತುದಿಯನ್ನು ಹಿಡಿದುಕೊಂಡಳು.

ಎರ್ಮಿನಿಯ ಮೊಳೆಯನ್ನು ಹಲಗೆಯ ಮೇಲೆ ಇಟ್ಟಳು. ಎತ್ತಿದ ಸುತ್ತಿಗೆಯನ್ನು ಒಮ್ಮೆ ಕೆಳಗಿಳಿಸಿ ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಹೊಡೆದಳು.

ಆ ಸದ್ದು ಸಾಲಿನುದ್ದಕ್ಕೂ ಹೋಯಿತು. ಒಂದೊಂದೇ ಕಿಟಕಿ ತೆರೆದವು. ಯಾರೋ ಮುದುಕಿ, "ಯಾರದು, ಯಾರದು," ಎಂದು ಕೇಳುತ್ತಿದ್ದಳು. ಚೇಪಾ ತಲೆಯ ಬಟ್ಟೆ ಸರಿಪಡಿಸಿಕೊಳ್ಳುತ್ತಾ ಬೀಸುಗಾಲಿನಲ್ಲಿ ಬಂದಳು.

"ಮಿನಿಯ, ನಿಂಗೆ ಬುದ್ಧಿ ನೆಟ್ಟಗಿದ್ಯಾ? ಇವತ್ತು ಯಾವ ದಿನ?"

"ಗೊತ್ತು, ಚೇಪಾ."

"ಗೊತ್ತಿದ್ದೂ ಹೊಡೀತಿದೀಯಾ? ಜಪಸರ ಹೇಳ್ಕೊಡೋಳು ನೀನು. ಮಕ್ಕಳೆಲ್ಲ ನೋಡ್ತಾ ಇದಾವೆ. ನಾಳೆಗೆ ಕಾಯೋಕಾಗಲ್ವಾ? ಒಂದು ದಿನಕ್ಕೆ ಏನು ಹೊತ್ಕೊಂಡೋಗುತ್ತೆ?"

ಎರ್ಮಿನಿಯ ಅವಳ ಹೆಗಲಾಚೆ ನೋಡಿದಳು. ಸಾಲಿನ ಕೊನೆಯಲ್ಲಿ ಚೇಪಾಳ ಹಂದಿಗೂಡಿನ ಮೇಲೆ ಒಂದು ತಗಡು ಹೊಸದಾಗಿ ಕೂತಿತ್ತು. ಅದಕ್ಕೆ ಮೊಳೆ ಹೊಡೆದಿರಲಿಲ್ಲ. ಶುಕ್ರವಾರವಾದ್ದರಿಂದ ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಕಲ್ಲು ಹೇರಿದ್ದರು.

"ಆ ತಗಡೂ ಬೇಕು ನಂಗೆ," ಎಂದಳು ಎರ್ಮಿನಿಯ. "ಅದಕ್ಕೂ ಇವತ್ತೇ ಮೊಳೆ ಹೊಡೀಬೇಕು."

ಚೇಪಾಳ ಮುಖ ಕೆಂಪಾಯಿತು. "ಅದು ಗಾಳಿಗೆ ಹಾರ್ಕೊಂಡು ಬಂದಿತ್ತು. ಹುಡುಗ್ರು ಎತ್ತಿಟ್ಟಿದಾರೆ. ಯಾರ್ದೋ ಏನೋ."

"ಹುಡುಗ್ರು ಬಾಣಲೇನೂ ಎತ್ತಿಟ್ಟಿದ್ರೆ ಅದನ್ನೂ ತಂದ್ಕೊಡೋಕೆ ಹೇಳು."

"ಮಾತು ಬದಲಾಯಿಸ್ಬೇಡ. ನಾನು ಹೇಳ್ತಿರೋದು ನಿನ್ನ ಒಳ್ಳೇದಕ್ಕೆ. ಇವತ್ತು ಹೊಡೆದ ಮೊಳೆ ಸ್ವಾಮಿ ಮೈಗೆ ಬೀಳುತ್ತೆ. ನಮ್ಮಮ್ಮ ಹೇಳಿಲ್ವಾ? ನಿಮ್ಮಮ್ಮ ಹೇಳಿಲ್ವಾ?"

"ಹೇಳಿದಾರೆ." ಎರ್ಮಿನಿಯ ಇನ್ನೊಂದು ಮೊಳೆಯನ್ನು ಬೆರಳುಗಳ ನಡುವೆ ಹಿಡಿದಳು. ಅವಳ ದನಿ ಏರಲಿಲ್ಲ. "ಸ್ವಾಮಿಗೆ ಮೊಳೆ ಬುಧವಾರಾನೇ ಹೊಡೆದಾಯ್ತು, ಚೇಪಾ. ನನ್ನ ಬಾಗಿಲಲ್ಲಿ. ಅವಳು ತಟ್ಟಿದಾಗ ನಾನು ಮನೇಲೇ ಇದ್ದೆ. ಅಗುಳಿ ಮೇಲೆ ಕೈ ಇಟ್ಕೊಂಡು ನಿಂತಿದ್ದೆ."

ಚೇಪಾ ಹುಡುಗಿಯ ಕಡೆ ನೋಡಿದಳು. ಯುಲೀಸ ಹಲಗೆಯ ತುದಿಯನ್ನು ಹಾಗೆಯೇ ಹಿಡಿದಿದ್ದಳು, ತಲೆ ಎತ್ತಲಿಲ್ಲ. ಚೇಪಾ, "ನಿನ್ನಿಷ್ಟ," ಎಂದು ತಿರುಗಿ ಹೋದಳು. ಅವಳ ಮನೆಯ ಬಾಗಿಲು ಮುಚ್ಚಿದ ಸದ್ದು ಇಲ್ಲಿಯವರೆಗೂ ಕೇಳಿಸಿತು. ತಗಡನ್ನು ಯಾರೂ ತರಲಿಲ್ಲ.

ಎರಡನೆಯ ಹಲಗೆ ಕೂರುತ್ತಿರಲಿಲ್ಲ. ಮೊಳೆ ಒಳಗೆ ಹೋದರೂ ಸಡಿಲವಾಗಿ ಹೊರಬರುತ್ತಿತ್ತು. ಫೌಸ್ತೊ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅತ್ತಿತ್ತ ಕಿಟಕಿಗಳನ್ನು ನೋಡಿದ. ಸಂಜೆಯೊಳಗೆ ಇದು ಗಿರಣಿಯವರ ಕಿವಿಗೆ ಬೀಳುತ್ತದೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಆ ಕಡೆ ಚೌಕಟ್ಟು ಗೆದ್ದಲು ತಿಂದಿದೆ," ಎಂದ ಕೊನೆಗೆ. "ಇನ್ನೊಂದು ಗೇಣು ಮೇಲಕ್ಕೆ ಹೊಡಿ. ಅಲ್ಲಿ ಗಟ್ಟಿ ಇದೆ." ಅಷ್ಟು ಹೇಳಿ ಒಳಗೆ ಹೋದ. ಬಾಗಿಲನ್ನು ಮಾತ್ರ ಮುಚ್ಚಲಿಲ್ಲ.

ಎರ್ಮಿನಿಯ ಗೇಣು ಮೇಲಕ್ಕೆ ಹೊಡೆದಳು. ಅಲ್ಲಿ ಮೊಳೆ ನಿಂತಿತು. ಬಿಸಿಲು ಏರಿತ್ತು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಹೆಬ್ಬೆರಳಿಗೆ ಒಮ್ಮೆ ಏಟು ಬಿದ್ದು ಉಗುರಿನ ಕೆಳಗೆ ಕಪ್ಪಾಗಿತ್ತು. ಬುಧವಾರದ ಮಾತನ್ನು ಚೇಪಾಳಿಗೆ ಹೇಳಿದ್ದಳೇ ಹೊರತು ಹೇಳಬೇಕಾದವಳಿಗೆ ಇನ್ನೂ ಹೇಳಿರಲಿಲ್ಲ. ಸುತ್ತಿಗೆಯನ್ನು ಕೆಳಗಿಟ್ಟು ಮಂಡಿಯೂರಿ ಕೂತಳು. ಮಗುವಿನ ಮುಖ ಈಗ ಅವಳ ಮುಖದ ಎತ್ತರಕ್ಕಿತ್ತು.

"ಬುಧವಾರ ನಾನು ಚರ್ಚಿಗೆ ಹೋಗಿರ್ಲಿಲ್ಲ, ಮಗಾ. ನಿಂಗೆ ಸುಳ್ಳು ಹೇಳ್ದೆ. ಒಳಗೇ ಇದ್ದೆ."

"ಗೊತ್ತು," ಎಂದಳು ಯುಲೀಸ.

"ಗೊತ್ತಿತ್ತಾ?"

"ನೀವು ಬಾಗಿಲ ಹತ್ರ ಇದ್ರಿ. ನೀವು ಉಸಿರಾಡೋದು ಕೇಳಿಸ್ತಿತ್ತು. ನಂಗೂ ಕೇಳಿಸ್ತಿತ್ತು, ಅಮ್ಮಂಗೂ ಕೇಳಿಸ್ತಿತ್ತು."

ಎರ್ಮಿನಿಯಳಿಗೆ ಫೋನಿನಲ್ಲಿ ಕೇಳಿದ ಆ ಒಡೆದ ದನಿ ನೆನಪಾಯಿತು. ನೀವು ಮನೇಲಿರ್ಲಿಲ್ಲ, ಎಂದಿದ್ದಳು ಇಮಾಕುಲ. ಅದನ್ನು ಅವಳು ಪ್ರಶ್ನೆಯಾಗಿ ಕೇಳಿರಲಿಲ್ಲ, ಹೇಳಿದ್ದಳು. ಗೊತ್ತಿದ್ದೂ ಹೇಳಿದ್ದಳು, ಮಗಳು ಇನ್ನು ಇರಬೇಕಾದದ್ದು ಬಾಗಿಲು ತೆರೆಯದ ಆ ಮನೆಯಲ್ಲೇ ಆದ್ದರಿಂದ. ಎರ್ಮಿನಿಯ ನೆಲ ನೋಡಿದಳು. ಮಗು ಈಗ, ಯಾಕೆ ತೆಗೆಯಲಿಲ್ಲ ಎಂದು ಕೇಳುತ್ತದೆ. ಎರಡು ದಿನದಿಂದ ಬಾಯಿಯವರೆಗೆ ತಂದು ನುಂಗಿದ ಪ್ರಶ್ನೆ ಅದೇ ಇರಬೇಕು. ಕೇಳಲಿ.

ಯುಲೀಸ ಅಂಗೈಯಲ್ಲಿ ಉಳಿದಿದ್ದ ಮೊಳೆಗಳನ್ನು ಒಂದೊಂದಾಗಿ ಮೆಟ್ಟಿಲ ಮೇಲೆ ಇಟ್ಟಳು. ಬೆವರಿಗೆ ಒದ್ದೆಯಾದ ಕೈಯನ್ನು ಲಂಗಕ್ಕೆ ಒರಸಿಕೊಂಡಳು. ಆಮೇಲೆ ತನ್ನ ಮದ್ರೀನಾಳ ಮುಖವನ್ನು ನೇರವಾಗಿ ನೋಡಿದಳು.

"ಲಾರಿ ಇನ್ನೊಂದ್ಸಲ ಬರುತ್ತೆ ಅಂತಾರೆ ಎಲ್ರೂ," ಎಂದಳು. "ಬಂದಾಗ ನಾನು ಶಾಲೇಲೋ ಅಂಗಡೀಲೋ ಇದ್ರೆ ಓಡ್ಕೊಂಡು ನಿಮ್ಮನೇಗೆ ಬರ್ತೀನಿ. ಬಾಗಿಲು ತಟ್ತೀನಿ. ಆಗ ನೀವು ತೆಗೀತೀರಾ, ಮದ್ರೀನಾ?"